ಶ್ರೀಗಂಧದ ಸ್ಪೈಕ್ ರೋಗ ಮತ್ತು ಕೀಟದ ಸಾಕ್ಷ್ಯ

ಅರಣ್ಯದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಶಾಸನ, ಕಾಯಿದೆ ಮತ್ತು ಕಂದಾಯದ ಲೆಕ್ಕಗಳನ್ನು ಆಧಾರವಾಗಿಟ್ಟುಕೊಳ್ಳುತ್ತಾರೆ. ಮರಗಳ ಅಳಿವಿನಲ್ಲಿ ಪಾತ್ರವಹಿಸಿದ ಕೀಟಗಳಿಗೆ ಅಲ್ಲಿ ಸ್ಥಾನ ದೊರೆಯುವುದು ವಿರಳ. ಕೊಡಗು ಮತ್ತು ಮೈಸೂರಿನ ಶ್ರೀಗಂಧವನ್ನು ಪೀಡಿಸಿದ ಸ್ಪೈಕ್ ರೋಗದ ಚರಿತ್ರೆಯು ಈ ಕೊರತೆಯನ್ನು ಎತ್ತಿ ತೋರಿಸುತ್ತದೆ.

ಈ ರೋಗದ ಮೊದಲ ವರದಿಯು 1899ರಲ್ಲಿ ಕೊಡಗಿನಿಂದ ಬಂದಿತು. ರೋಗ ತಗುಲಿದ ಮರದ ಎಲೆಗಳು ಕಿರಿದಾಗಿ, ಬಿರುಸಾಗಿ, ಮೊಳೆಗಳಂತೆ ನಿಲ್ಲುತ್ತವೆ. ಹೂವು ಕಾಯಿಗಳು ನಿಂತುಹೋಗಿ ಕೆಲವೇ ವರ್ಷಗಳಲ್ಲಿ ಮರವು ಸಾಯುತ್ತದೆ. ಗಂಧವು ಮೈಸೂರು ಸಂಸ್ಥಾನದ ಏಕಸ್ವಾಮ್ಯಕ್ಕೆ ಒಳಪಟ್ಟಿತ್ತು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ತಯಾರಿಕೆಯೂ ಆರಂಭವಾಯಿತು. ಆದುದರಿಂದ ಇದು ಕೇವಲ ಸಸ್ಯಶಾಸ್ತ್ರದ ಪ್ರಶ್ನೆಯಾಗಿರದೆ ಬೊಕ್ಕಸದ ಪ್ರಶ್ನೆಯೂ ಆಗಿತ್ತು.

ಕಾರಣವನ್ನು ಅರಸಿದವರು ಮೊದಲು ಕಣ್ಣಿಗೆ ಕಾಣುವುದನ್ನೇ ಹಿಡಿದರು. ಲಂಟಾನ ಪೊದೆ, ಕಾಡುಬೆಂಕಿ, ಅನಾವೃಷ್ಟಿ ಇವೆಲ್ಲ ಆಪಾದನೆಗೆ ಗುರಿಯಾದವು. ಆದರೆ ಮೈಸೂರಿನ ಕೃಷಿ ಇಲಾಖೆಯ ಕೋಲ್ಮನ್ ಅವರು 1917ರಲ್ಲಿ, ಕಸಿಯ ಮೂಲಕ ರೋಗವು ಒಂದು ಗಿಡದಿಂದ ಇನ್ನೊಂದಕ್ಕೆ ದಾಟುವುದೆಂದು ತೋರಿಸಿಕೊಟ್ಟರು. ಕಾಡಿನಲ್ಲಿ ಕಸಿ ಮಾಡುವವರು ಯಾರು? ಈ ಪ್ರಶ್ನೆಯೇ ಸಂಶೋಧಕರ ದೃಷ್ಟಿಯನ್ನು ಕೀಟಗಳತ್ತ ತಿರುಗಿಸಿತು.

ಮರದ ಮೇಲೆ ಕೀಟವಿದೆ ಎಂದ ಮಾತ್ರಕ್ಕೆ ಅದು ಅಪರಾಧಿಯೆಂದು ಹೇಳಲಾಗದು. ಗಂಧದ ಮರವನ್ನು ಆಶ್ರಯಿಸುವ ಕೀಟಗಳು ಹಲವು. ತೊಗಟೆ ಕೊರೆಯುವ ಹುಳು ಗಾಯವನ್ನು ಬಿಡುತ್ತದೆ. ರಸ ಹೀರುವ ಜಿಗಿಹುಳುವಾದರೋ ಎದ್ದುಕಾಣುವ ಗುರುತನ್ನೇ ಬಿಡುವುದಿಲ್ಲ. 1941ರಲ್ಲಿ ರಂಗಸ್ವಾಮಿ ಮತ್ತು ಗ್ರಿಫಿತ್ ಅವರು ‘ಜಾಸಸ್ ಇಂಡಿಕಸ್’ ಎಂಬ ಜಿಗಿಹುಳುವನ್ನು ರೋಗವಾಹಕವೆಂದು ಪ್ರಕಟಿಸಿದರು. ಮುಂದೆ ಬೇರೆ ಜಿಗಿಹುಳುಗಳ ಹೆಸರೂ ಕೇಳಿಬಂದಿತು.

ವಾಹಕದ ಸುಳಿವು ಸಿಕ್ಕಿದರೂ ಅದು ಹೊತ್ತೊಯ್ಯುವುದೇನೆಂಬುದು ತಿಳಿದಿರಲಿಲ್ಲ. ವೈರಸ್ ಇರಬೇಕೆಂದು ಊಹಿಸಲಾಗಿತ್ತು. 1967ರಲ್ಲಿ ಜಪಾನಿನ ವಿಜ್ಞಾನಿಗಳು ಹಿಪ್ಪುನೇರಳೆಯ ಕುಬ್ಜರೋಗದಲ್ಲಿ ಕೋಶಭಿತ್ತಿಯಿಲ್ಲದ ಸೂಕ್ಷ್ಮಜೀವಿಗಳನ್ನು ಕಂಡರು. ಇಂಥವೇ ಜೀವಿಗಳು 1969ರಲ್ಲಿ ಗಂಧದ ಆಹಾರವಾಹಕ ನಾಳಗಳಲ್ಲಿಯೂ ಗೋಚರಿಸಿದವು. ಇಂದು ಇವನ್ನು ಫೈಟೋಪ್ಲಾಸ್ಮಾ ಎನ್ನುತ್ತಾರೆ.

ಮೊದಲ ವರದಿಗೂ ಈ ನಿರ್ಣಯಕ್ಕೂ ನಡುವೆ 70 ವರ್ಷಗಳು ಕಳೆದವು. ಈ ಅವಧಿಯ ಊಹೆಗಳನ್ನು ಅಜ್ಞಾನವೆಂದು ತಳ್ಳಿಹಾಕುವುದು ನಮಗೆ ಉಚಿತವೆನಿಸದು. ಪೊದೆಯನ್ನು ಕಡಿಸಬಹುದಿತ್ತು, ಬೆಂಕಿಯನ್ನು ತಡೆಯಬಹುದಿತ್ತು. ಆಡಳಿತವು ತನ್ನ ಕೈಗೆಟುಕುವ ಕಾರಣವನ್ನೇ ಬೇಗ ನಂಬುವುದು ಸಹಜ. ಕಡತಗಳಲ್ಲಿ ಲಂಟಾನ ಹೆಚ್ಚಾಗಿ, ಜಿಗಿಹುಳು ಕಡಿಮೆಯಾಗಿ ಕಂಡರೆ, ಅದು ಕಾಡಿನ ಸ್ಥಿತಿಯನ್ನಲ್ಲ, ನೋಡಿದವರ ಕಣ್ಣನ್ನು ತಿಳಿಸುತ್ತದೆ. ರೋಗಕ್ಕೆ ಸಮರ್ಪಕವಾದ ಪರಿಹಾರ ಇಂದಿಗೂ ದೊರೆತಿಲ್ಲವಾದ್ದರಿಂದ, ಈ ವಿವೇಕವು ಇತಿಹಾಸದ ವಿದ್ಯಾರ್ಥಿಗೆ ಮಾತ್ರವಲ್ಲ, ಗಂಧದ ಸಸಿ ನೆಡುವವರಿಗೂ ಅವಶ್ಯಕವೆಂದು ನಮ್ಮ ಅಭಿಪ್ರಾಯ.