ಎಡೆದೊರೆ ನಾಡಿನಲ್ಲಿ ಕಲೆಯ ನೋಟ ಮತ್ತು ಕೈಗೆಲಸ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹರಡಿರುವ, ಶಾಸನಗಳು ಎಡೆದೊರೆ ನಾಡು ಎಂದು ಹೆಸರಿಸಿರುವ, ಇಂದು ರಾಯಚೂರು ದೋಆಬ್ ಎಂದು ಕರೆಯಲಾಗುವ ಪ್ರದೇಶವು ಚರಿತ್ರೆಯ ಪುಸ್ತಕಗಳಲ್ಲಿ ಬಹುಮಟ್ಟಿಗೆ ಯುದ್ಧಭೂಮಿಯಾಗಿ ಅಥವಾ ಚಿನ್ನದ ನೆಲವಾಗಿ ಕಾಣಿಸಿಕೊಂಡಿದೆ. ಮುದಗಲ್ಲು ಮತ್ತು ರಾಯಚೂರು ಕೋಟೆಗಳಿಗಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಹೋರಾಡಿದ್ದು, ಹಟ್ಟಿಯ ನೆಲದಲ್ಲಿ ಸುಮಾರು 2000 ವರ್ಷಗಳ ಹಿಂದೆಯೇ ಜನರು ಆಳಕ್ಕಿಳಿದು ಅದಿರು ತೆಗೆದದ್ದು, 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೊತ್ತ ಬಂಡೆ ಶಾಸನವನ್ನು ಕಂಡದ್ದು ಮತ್ತೆ ಮತ್ತೆ ಬರೆಯಲ್ಪಟ್ಟಿರುವ ಸಂಗತಿಗಳು. ಇದೇ ನೆಲದ ಜನರು ಚಿತ್ರವನ್ನೂ ಗೊಂಬೆಯನ್ನೂ ಎಲ್ಲಿ ನೋಡುತ್ತಿದ್ದರು, ಅವುಗಳನ್ನು ಮಾಡುವ ಕೈಗೆಲಸವನ್ನು ಯಾರಿಂದ ಹೇಗೆ ಕಲಿಯುತ್ತಿದ್ದರು ಎಂಬ ವಿಚಾರಕ್ಕೆ ಅಷ್ಟೇ ಗಮನ ಸಲ್ಲಬೇಕಾಗಿದೆ. ಊರಿನವರೇ ರಚಿಸಿದ ಕೃತಿಗಳನ್ನು ಊರಿನವರ ಮುಂದಿಡುವ ಸಮುದಾಯ ಪ್ರದರ್ಶನ, ಕಲಾವಿದನೊಡನೆ ಕುಳಿತು ಜನರು ತಾವೂ ಕೈಯಾಡಿಸುವ ಕಾರ್ಯಾಗಾರ ಇವೆರಡನ್ನೂ ಇಂದಿನ ಚಿತ್ರಶಾಲೆಗಳು ಹೊಸ ಕಾರ್ಯಕ್ರಮಗಳೆಂದು ಪ್ರಕಟಿಸುತ್ತವೆಯಾದರೂ, ಎಡೆದೊರೆ ನಾಡಿನ ಮಟ್ಟಿಗೆ ಇವೆರಡರ ಬೇರುಗಳು ಬಹಳ ಹಿಂದಕ್ಕೆ ಹೋಗುತ್ತವೆ.

ಈ ಪರಂಪರೆಯ ಅತ್ಯಂತ ಹಳೆಯ ಸಾಕ್ಷ್ಯ ಲಿಂಗಸುಗೂರು ತಾಲ್ಲೂಕಿನಲ್ಲಿ, ಮುದಗಲ್ಲಿಗೆ ಸಮೀಪದ ಪಿಕ್ಲಿಹಾಳದ ಬಂಡೆಗಳ ಮೇಲಿದೆ. ಹೈದರಾಬಾದ್ ಸಂಸ್ಥಾನದ ಭೂವಿಜ್ಞಾನಿ ಲಿಯೊನಾರ್ಡ್ ಮನ್ 1930ರ ದಶಕದಲ್ಲಿ ಈ ಭಾಗದ ಪ್ರಾಚೀನ ನೆಲೆಗಳನ್ನು ಗುರುತಿಸಿದ ಮೇಲೆ, ಎಫ್. ಆರ್. ಆಲ್ಚಿನ್ 1952ರಲ್ಲಿ ಪಿಕ್ಲಿಹಾಳದಲ್ಲಿ ಉತ್ಖನನ ನಡೆಸಿ 1960ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ದಕ್ಷಿಣ ಭಾರತದ ನವಶಿಲಾಯುಗದ, ಎಂದರೆ ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನು ಬಳಸುತ್ತ ದನ ಸಾಕುತ್ತಿದ್ದ ಜನರ ಬದುಕನ್ನು ಅರಿಯಲು ಆ ವರದಿ ಇಂದಿಗೂ ಮುಖ್ಯ ಆಕರವಾಗಿದೆ. ಅಲ್ಲಿನ ಬಂಡೆಗಳ ಮೇಲೆ ಬಣ್ಣದ ಚಿತ್ರಗಳ ಜೊತೆಗೆ ಕುಟ್ಟುಚಿತ್ರಗಳೂ ಇವೆ. ಬಿಸಿಲುಮಳೆಗೆ ಮೈಯೊಡ್ಡಿ ಕಂದಿದ ಬಂಡೆಯ ಹೊರಪದರವನ್ನು ಗಟ್ಟಿಯಾದ ಇನ್ನೊಂದು ಕಲ್ಲಿನಿಂದ ಚುಕ್ಕಿ ಚುಕ್ಕಿಯಾಗಿ ಕುಟ್ಟಿದಾಗ ಒಳಗಿನ ತಿಳಿಬಣ್ಣ ಹೊರಬಂದು ಆಕೃತಿ ಮೂಡುತ್ತದೆ. ಭುಜದ ಮೇಲೆ ಎದ್ದ ಡುಬ್ಬ, ಉದ್ದಕ್ಕೆ ಬಾಗಿದ ಕೊಂಬುಗಳ ಗೂಳಿಯೇ ಈ ಬಗೆಯ ಚಿತ್ರಗಳಲ್ಲಿ ಪದೇ ಪದೇ ಕಾಣುವ ವಸ್ತು. ಒಂದೇ ಬಂಡೆಗೆ ಬೇರೆ ಬೇರೆ ಕಾಲದ ಕೈಗಳು ಚಿತ್ರ ಸೇರಿಸುತ್ತ ಹೋಗಿರುವುದರಿಂದ, ಹಿಂದಿನವರು ಬಿಡಿಸಿದ್ದನ್ನು ನೋಡಿದವರೇ ಅದರ ಪಕ್ಕದಲ್ಲಿ ತಮ್ಮದನ್ನೂ ಬಿಡಿಸಿದರೆಂದು ತಿಳಿಯಬಹುದಾಗಿದೆ. ನೋಡುವವರು ಒಂದು ವರ್ಗ, ಮಾಡುವವರು ಇನ್ನೊಂದು ವರ್ಗ ಎಂಬ ಭೇದಕ್ಕೆ ಅಲ್ಲಿ ಆಸ್ಪದವಿದ್ದಂತೆ ತೋರುವುದಿಲ್ಲ.

ಪಿಕ್ಲಿಹಾಳದ ಉತ್ಖನನದಲ್ಲಿ ಸುಟ್ಟ ಮಣ್ಣಿನ ಪುಟ್ಟ ಗೂಳಿಗಳೂ ದೊರೆತಿವೆ. ಇದೇ ಸೀಮೆಯ ಮನೆಗಳಲ್ಲಿ ಕಾರ ಹುಣ್ಣಿಮೆಯ ನಂತರ ಬರುವ ಜ್ಯೇಷ್ಠ ಮಾಸದ ಅಮಾವಾಸ್ಯೆಯನ್ನು ಮಣ್ಣೆತ್ತಿನ ಅಮಾವಾಸ್ಯೆಯೆಂದು ಆಚರಿಸಿ, ಹಸಿ ಮಣ್ಣಿನಲ್ಲಿ ಜೋಡೆತ್ತುಗಳನ್ನೂ ಅವುಗಳ ಮುಂದಿಡುವ ಗ್ವಾದಲಿಯನ್ನೂ ಮಾಡಿ ಪೂಜಿಸುವ ಪದ್ಧತಿ ಇಂದಿಗೂ ನಡೆದಿದೆ. ಸಾವಿರಾರು ವರ್ಷಗಳ ಅಂತರದ ಈ ಎರಡು ಸಂಗತಿಗಳ ನಡುವೆ ನೇರವಾದ ಎಳೆಯನ್ನು ಕಲ್ಪಿಸುವುದು ಚರಿತ್ರೆಯ ಶಿಸ್ತಿಗೆ ಒಪ್ಪದಿದ್ದರೂ, ದನವನ್ನೇ ಬದುಕಿನ ಆಧಾರವಾಗಿ ಉಳ್ಳ ನೆಲದಲ್ಲಿ ಅದರ ರೂಪವನ್ನು ಕೈಯಿಂದ ಮಾಡುವ ಹಂಬಲ ಎರಡು ಕಾಲಕ್ಕೂ ಸಮಾನವಾಗಿದೆ ಎಂಬುದನ್ನು ಅಲ್ಲಗಳೆಯಲಾಗದು. ಕುಂಬಾರರ ಮನೆಯಿಂದ ಎತ್ತುಗಳನ್ನು ತರುವ ರೂಢಿಯೂ ಉಂಟು, ಮನೆಯಲ್ಲಿಯೇ ಹಿರಿಯರು ಮಣ್ಣು ಕಲಸಿಕೊಟ್ಟು ಮಕ್ಕಳಿಂದ ಮಾಡಿಸುವ ರೂಢಿಯೂ ಉಂಟು. ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಮಾಡುವ ಗುಳ್ಳವ್ವನ ಮೂರ್ತಿಗಳು, ಭಾದ್ರಪದದಲ್ಲಿ ಬುಟ್ಟಿಯಲ್ಲಿಟ್ಟು ಮನೆ ಮನೆಗೆ ಹೊತ್ತು ತರುವ ಜೋಕುಮಾರ ಇವೆಲ್ಲವನ್ನೂ ಸೇರಿಸಿ ನೋಡಿದರೆ, ಮುಂಗಾರಿನ ತಿಂಗಳುಗಳುದ್ದಕ್ಕೂ ಮಣ್ಣಿನ ಶಿಲ್ಪದ ಪಾಠವೊಂದು ಮನೆಮನೆಯಲ್ಲಿ ನಡೆಯುತ್ತಿತ್ತೆಂಬುದು ಸ್ಪಷ್ಟವಾಗುತ್ತದೆ.

ಮನೆಯ ಈ ಕಲಿಕೆಗೆ ಹೊರತಾಗಿ ವೃತ್ತಿಪರ ಚಿತ್ರಕಾರರ ಪರಂಪರೆಯೊಂದು ವಿಜಯನಗರದ ಕಾಲದಿಂದ ಈ ಭಾಗದಲ್ಲಿ ಬೆಳೆದು ಬಂದಿತು. ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ನೆನಪಿಗಾಗಿ ಹಂಪಿಯ ವಿರೂಪಾಕ್ಷ ದೇವಾಲಯಕ್ಕೆ ಸೇರಿಸಿದ ರಂಗಮಂಟಪದ ಒಳಮಾಳಿಗೆಯಲ್ಲಿ ಗಿರಿಜಾಕಲ್ಯಾಣ, ದಶಾವತಾರ, ಮತ್ಸ್ಯಯಂತ್ರಕ್ಕೆ ಗುರಿಯಿಟ್ಟ ಅರ್ಜುನ, ಪಲ್ಲಕ್ಕಿಯಲ್ಲಿ ಸಾಗುತ್ತಿರುವ ವಿದ್ಯಾರಣ್ಯರ ಮೆರವಣಿಗೆ ಮೊದಲಾದ ವರ್ಣಚಿತ್ರಗಳಿದ್ದು, ಅವುಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆ ಚಿತ್ರಗಳನ್ನು ಬರೆದವರು ಕಿನ್ನಾಳದ ಚಿತ್ರಗಾರರ ಪೂರ್ವಿಕರೆಂಬ ನಂಬಿಕೆ ಬಹುಕಾಲದಿಂದ ಪ್ರಚಲಿತದಲ್ಲಿದೆ. ಕಿನ್ನಾಳವು ಇಂದು ಕೊಪ್ಪಳ ಜಿಲ್ಲೆಯಲ್ಲಿದ್ದರೂ, 1997ರಲ್ಲಿ ಆ ಜಿಲ್ಲೆ ಪ್ರತ್ಯೇಕಗೊಳ್ಳುವವರೆಗೆ ರಾಯಚೂರು ಜಿಲ್ಲೆಗೇ ಸೇರಿತ್ತಾದ್ದರಿಂದ, ಹಟ್ಟಿ ಮತ್ತು ಲಿಂಗಸುಗೂರು ಸೀಮೆಯ ಕಲಾಚರಿತ್ರೆಯಿಂದ ಅದನ್ನು ಬೇರ್ಪಡಿಸಿ ನೋಡಲಾಗದು.

ಕಿನ್ನಾಳದ ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹಗುರವಾದ ಮರವನ್ನು ಆಯ್ದು, ಮೂರ್ತಿಯ ಅಂಗಗಳನ್ನು ಬಿಡಿಬಿಡಿಯಾಗಿ ಕೆತ್ತಿ, ಹುಣಸೆ ಬೀಜವನ್ನು ನೆನೆಸಿ ಅರೆದು ಕಾಯಿಸಿದ ಅಂಟಿನಿಂದ ಅವುಗಳನ್ನು ಜೋಡಿಸಲಾಗುತ್ತದೆ. ನೆನೆಸಿ ಕೊಳೆಸಿದ ಗೋಣಿಚೂರನ್ನು ಒಣಗಿಸಿ ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನೊಡನೆ ಕಲಸಿದ ಮಿಶ್ರಣಕ್ಕೆ ಕಿಟ್ಟ ಎಂದು ಹೆಸರು; ಜೋಡಣೆಯ ಸಂದುಗಳು ಕಾಣದಂತೆ ಇಡೀ ಮೂರ್ತಿಗೆ ಇದನ್ನು ಮೆತ್ತಿ, ಅದರ ಮೇಲೆ ಹತ್ತಿಬಟ್ಟೆಯ ಚೂರುಗಳನ್ನು ಅಂಟಿಸಿ, ಬೆಣಚುಕಲ್ಲಿನ ನಯವಾದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದ ಮೇಲೆಯೇ ಬಣ್ಣಕ್ಕೆ ನೆಲೆ ಸಿದ್ಧವಾಗುತ್ತದೆ. ಒಡವೆಗಳ ಉಬ್ಬು ಕೆಲಸಕ್ಕೆ ಅದೇ ಕಲ್ಲುಪುಡಿಯ ಮಿಶ್ರಣವನ್ನು ಕುಂಚದ ತುದಿಯಿಂದ ಹನಿ ಹನಿಯಾಗಿ ಇಳಿಸಲಾಗುತ್ತದೆ. ಚಿನ್ನದ ಹೊಳಪು ಬೇಕಾದ ಕಡೆ ತವರದಿಂದ ಸಿದ್ಧಪಡಿಸಿದ ಲೇಪವನ್ನು ಹಚ್ಚುವ ಲಜವಾರ ಎಂಬ ಕ್ರಮವನ್ನು ಅನುಸರಿಸಲಾಗುತ್ತದೆ. ಒಬ್ಬರು ಕೆತ್ತುವಾಗ ಇನ್ನೊಬ್ಬರು ಅರೆಯುವ, ಹಿರಿಯರು ಕಣ್ಣು ಬರೆಯುವಾಗ ಕಿರಿಯರು ನೆಲೆಬಣ್ಣ ಬಳಿಯುವ ಈ ವ್ಯವಸ್ಥೆಯಲ್ಲಿ ಕಾರ್ಯಶಾಲೆಯೇ ಪಾಠಶಾಲೆಯಾಗಿತ್ತು, ಜಾತ್ರೆಯ ತೇರು ಪಲ್ಲಕ್ಕಿಗಳೂ ಹಬ್ಬದ ಗೌರಿಯೂ ಅದರ ಪ್ರದರ್ಶನವಾಗಿದ್ದವು.

ಪ್ರದರ್ಶನವನ್ನು ಊರಿಂದೂರಿಗೆ ಹೊತ್ತೊಯ್ದವರು ತೊಗಲುಗೊಂಬೆಯ ಶಿಳ್ಳೇಕ್ಯಾತರು. ಆಡಿನ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ, ರೂಪ ಬಿಡಿಸಿ, ಒಡವೆ ಮತ್ತು ಸೆರಗಿನ ಅಂಚುಗಳಿಗೆ ಸಣ್ಣ ರಂಧ್ರಗಳನ್ನು ಕೊರೆದು, ಬಣ್ಣ ತುಂಬಿದ ಗೊಂಬೆಯನ್ನು ದೀಪದ ಮುಂದೆ ಬಿಳಿ ಪರದೆಗೆ ಒತ್ತಿ ಹಿಡಿದಾಗ ರಾಮಾಯಣ ಮಹಾಭಾರತಗಳ ಕಥೆಗಳು ಇಡೀ ಊರಿಗೆ ಕಾಣುತ್ತಿದ್ದವು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, 96ರ ವಯಸ್ಸಿನಲ್ಲಿ, ಪದ್ಮಶ್ರೀ ಸಂದದ್ದು ಈ ಪರಂಪರೆಗೆ ತಡವಾಗಿಯಾದರೂ ದೊರೆತ ಯೋಗ್ಯ ಮನ್ನಣೆ.

ಹಳೆಯ ವ್ಯವಸ್ಥೆಯನ್ನು ಹೀಗೆ ಗೌರವದಿಂದ ವಿವರಿಸುವಾಗ ಅದರ ಮಿತಿಯನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಕಿಟ್ಟದ ಹದ ಚಿತ್ರಗಾರರ ಮನೆಯೊಳಗೆ, ತೊಗಲಿನ ಹದ ಶಿಳ್ಳೇಕ್ಯಾತರ ಮನೆಯೊಳಗೆ ಉಳಿಯಿತೇ ಹೊರತು ಬೇರೆ ಜಾತಿಯ ಮಗು ಅದನ್ನು ಕಲಿಯುವ ದಾರಿ ಇರಲಿಲ್ಲ. ದೇವಾಲಯದ ಒಳಮಾಳಿಗೆಯ ಚಿತ್ರಗಳು ಎಷ್ಟೇ ಭವ್ಯವಾಗಿದ್ದರೂ ಅಸ್ಪೃಶ್ಯರೆಂದು ಹೊರಗಿಡಲ್ಪಟ್ಟ ಜನರು ಅವುಗಳ ಕೆಳಗೆ ನಿಂತು ನೋಡುವಂತಿರಲಿಲ್ಲ. ನೋಡುವುದೂ ಮಾಡುವುದೂ ಒಂದೆಡೆ ಕೂಡಿದ್ದವು, ಆದರೆ ಆ ಎಡೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ.

ಬಾಗಿಲನ್ನು ತೆರೆಯುವ ಭರವಸೆಯೊಡನೆ ಬಂದದ್ದು 20ನೆಯ ಶತಮಾನದ ವಸ್ತುಸಂಗ್ರಹಾಲಯ ಮತ್ತು ಚಿತ್ರಶಾಲೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1915ರಲ್ಲಿ ಚಿತ್ರಶಾಲೆ ಆರಂಭವಾಯಿತು. ಎಡೆದೊರೆ ನಾಡು ಸೇರಿದ್ದ ನಿಜಾಮರ ಸಂಸ್ಥಾನದಲ್ಲಿ 1914ರಲ್ಲಿ ಪುರಾತತ್ತ್ವ ಇಲಾಖೆ ಹುಟ್ಟಿ, ಮರುವರ್ಷ ದೊರೆತ ಮಸ್ಕಿಯ ಶಾಸನವನ್ನೇ ತನ್ನ ಗ್ರಂಥಮಾಲೆಯ ಮೊದಲ ಪ್ರಕಟಣೆಯಾಗಿ ಹೊರತಂದಿತು. 1930ರಲ್ಲಿ ಹೈದರಾಬಾದಿನಲ್ಲಿ ವಸ್ತುಸಂಗ್ರಹಾಲಯವೂ ತೆರೆಯಿತು. ಸಂರಕ್ಷಣೆಯ ದೃಷ್ಟಿಯಿಂದ ಇವು ಮಹತ್ವದ ಹೆಜ್ಜೆಗಳೇ ಆಗಿದ್ದರೂ, ರಾಜಧಾನಿಯ ಗಾಜಿನ ಪೆಟ್ಟಿಗೆಯವರೆಗೆ ಹೋಗಿ ಬರುವುದು ಲಿಂಗಸುಗೂರು ಸೀಮೆಯ ರೈತನಿಗೆ ಅಥವಾ ಹಟ್ಟಿಯ ಗಣಿ ಕಾರ್ಮಿಕನಿಗೆ ಸುಲಭವಿರಲಿಲ್ಲ, ಹೋದರೂ ವಸ್ತುವನ್ನು ಮುಟ್ಟುವ, ಮಾಡುವವರನ್ನು ಮಾತನಾಡಿಸುವ ಅವಕಾಶವಿರಲಿಲ್ಲ. ಬಾಗಿಲು ತೆರೆದುಕೊಂಡ ಹೊತ್ತಿಗೆ ನೋಟವೂ ಕೈಗೆಲಸವೂ ದೂರ ಸರಿದಿದ್ದವು.

ಈ ಅಂತರವನ್ನು ಕಡಿಮೆ ಮಾಡಿದವರು ಮುಖ್ಯವಾಗಿ ಊರೂರಿನ ಚಿತ್ರಕಲಾ ಶಾಲೆಗಳನ್ನು ಕಟ್ಟಿದ ಶಿಕ್ಷಕರು. ಧಾರವಾಡದಲ್ಲಿ ಡಿ. ವಿ. ಹಾಲಭಾವಿ, ಗದಗಿನಲ್ಲಿ ಟಿ. ಪಿ. ಅಕ್ಕಿ, ಕಲಬುರಗಿಯಲ್ಲಿ ವಿ. ಜಿ. ಅಂದಾನಿ ಮತ್ತು ಜೆ. ಎಸ್. ಖಂಡೇರಾವ್ ಮೊದಲಾದವರು ಜಾತಿಯ ಗೊಡವೆಯಿಲ್ಲದೆ ಆಸಕ್ತಿಯೊಂದನ್ನೇ ಅರ್ಹತೆಯಾಗಿ ಕಂಡು ಹಳ್ಳಿಯ ಮಕ್ಕಳ ಕೈಗೆ ಕುಂಚ ಕೊಟ್ಟರು. ಕಲಬುರಗಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರು ಮಾಡಿದ ಎಸ್. ಎಂ. ಪಂಡಿತರ (1916–1993) ಪೌರಾಣಿಕ ಚಿತ್ರಗಳು ಕ್ಯಾಲೆಂಡರುಗಳ ಮೂಲಕ ಅಂಗಡಿ ಮನೆಗಳ ಗೋಡೆಗಳನ್ನು ತಲುಪಿದ್ದರಿಂದ, ಚಿತ್ರಶಾಲೆಯ ಮೆಟ್ಟಿಲು ಹತ್ತದ ಅಸಂಖ್ಯ ಜನರಿಗೂ ನುರಿತ ಚಿತ್ರಕಾರನೊಬ್ಬನ ಕೆಲಸದ ಪರಿಚಯವಾಯಿತು.

1956ರ ಏಕೀಕರಣದ ನಂತರ ರಾಜ್ಯಮಟ್ಟದ ಸಂಸ್ಥೆಗಳು ಈ ಕೆಲಸಕ್ಕೆ ಹೊಸ ಬಲ ತಂದವು. ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಕರ್ನಾಟಕ ಚಿತ್ರಕಲಾ ಪರಿಷತ್ತು ಎಂ. ಎಸ್. ನಂಜುಂಡರಾವ್ ಅವರ ನೇತೃತ್ವದಲ್ಲಿ ಮೈಸೂರು ಸಾಂಪ್ರದಾಯಿಕ ಚಿತ್ರಗಳನ್ನೂ ತೊಗಲುಗೊಂಬೆಗಳನ್ನೂ ಸಂಗ್ರಹಿಸಿ, ಚಿತ್ರಕಲಾ ವಿದ್ಯಾಲಯವನ್ನೂ ಗ್ಯಾಲರಿಗಳನ್ನೂ ಒಂದೇ ಆವರಣದಲ್ಲಿ ಬೆಳೆಸಿತು. ರಾಜ್ಯದ ಲಲಿತಕಲಾ ಅಕಾಡೆಮಿ ಏರ್ಪಡಿಸುವ ಶಿಬಿರಗಳಲ್ಲಿ ಕಲಾವಿದರು ಕೆಲವು ದಿನ ಒಂದೆಡೆ ಉಳಿದು ಕೃತಿ ರಚಿಸುವುದರಿಂದ, ಚಿತ್ರವು ಪೂರ್ಣಗೊಳ್ಳುವ ಹಂತಗಳನ್ನು ಸ್ಥಳೀಯರು ಕಣ್ಣಾರೆ ಕಾಣುವ ಅವಕಾಶ ಒದಗಿತು. ಪರಿಷತ್ತು ಪ್ರತಿ ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತ ಬಂದಿರುವ ಚಿತ್ರಸಂತೆಯಲ್ಲಿ ಕಲಾವಿದರು ಬೀದಿಯ ಬದಿಯಲ್ಲಿ ಕೃತಿಗಳನ್ನಿಟ್ಟು ತಾವೇ ಕುಳಿತು ಮಾರುತ್ತಾರೆ, ನೋಡಲು ಬಂದವರ ಭಾವಚಿತ್ರವನ್ನು ಅಲ್ಲಿಯೇ ಬರೆದುಕೊಡುತ್ತಾರೆ. ಕಡಿಮೆ ಬಾಡಿಗೆಗೆ ಯುವ ಕಲಾವಿದರಿಗೆ ಒದಗುತ್ತಿದ್ದ ಸರ್ಕಾರಿ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ನಿರ್ವಹಣೆಗೆ ಒಪ್ಪಿಸುವ ಯತ್ನದ ವಿರುದ್ಧ 2016ರಲ್ಲಿ ಬೆಂಗಳೂರಿನ ಕಲಾವಿದರು ಸಂಘಟಿತರಾಗಿ ಹೋರಾಡಿದ್ದು, ಚಿತ್ರಶಾಲೆಯು ಸಮುದಾಯದ ಸ್ವತ್ತು ಎಂಬ ಅರಿವು ಎಷ್ಟು ಆಳವಾಗಿ ಬೇರೂರಿತ್ತೆಂಬುದಕ್ಕೆ ಸಾಕ್ಷಿಯಾಗಿದೆ.

ಈ ಎಲ್ಲ ಪ್ರಯತ್ನಗಳ ಭಾರ ರಾಜಧಾನಿಯ ಕಡೆಗೆ ಹೆಚ್ಚು ವಾಲಿದೆ ಎಂಬ ಮಾತಿನಲ್ಲಿ ಹುರುಳಿದೆ. ಆದರೂ ತುಂಗಭದ್ರೆಯ ದಂಡೆಯಲ್ಲಿಯೇ ಬೇರೊಂದು ದಾರಿ ಕಾಣಿಸಿಕೊಂಡಿದೆ. ಆನೆಗೊಂದಿಯಲ್ಲಿ ಶಮಾ ಪವಾರ್ ಅವರು ಕಟ್ಟಿದ ಕಿಷ್ಕಿಂಧಾ ಟ್ರಸ್ಟ್ ಬಾಳೆಯ ನಾರಿನಿಂದ ವಸ್ತುಗಳನ್ನು ಹೆಣೆಯುವ ಕೆಲಸವನ್ನು ಊರಿನ ಹೆಣ್ಣುಮಕ್ಕಳಿಗೆ ಕಲಿಸಿ, ಹಳೆಯ ಮನೆಗಳನ್ನು ಉಳಿಸಿಕೊಂಡು, ನೋಡಲು ಬಂದವರು ಮಾಡುವವರ ಪಕ್ಕದಲ್ಲಿ ಕುಳಿತುಕೊಳ್ಳುವಂಥ ವಾತಾವರಣವನ್ನು ನಿರ್ಮಿಸಿದೆ. ಹಳೆಯ ಕಾರ್ಯಶಾಲೆಯಲ್ಲಿದ್ದ ಕೂಡಿಕೆಯೂ ಹೊಸ ಚಿತ್ರಶಾಲೆಯಲ್ಲಿರುವ ತೆರೆದ ಬಾಗಿಲೂ ಇಲ್ಲಿ ಒಂದಾಗಿವೆ.

ಹಟ್ಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರುಗಳಲ್ಲಿ ರೂಪುಗೊಳ್ಳಬೇಕಾದ ಚಿತ್ರಶಾಲೆಗೆ ಈ ಚರಿತ್ರೆಯೇ ನಕ್ಷೆಯನ್ನು ಒದಗಿಸುತ್ತದೆ. ಪಿಕ್ಲಿಹಾಳದ ಗೂಳಿಯ ಪಡಿಯಚ್ಚಿನ ಎದುರಿಗೆ ಮಕ್ಕಳು ಮಣ್ಣೆತ್ತು ಮಾಡುವ ಜಗಲಿ, ಕಿನ್ನಾಳದ ಮೂರ್ತಿಯ ಪಕ್ಕದಲ್ಲಿ ಕಿಟ್ಟ ಅರೆಯುವ ಕಲ್ಲು, ತೊಗಲುಗೊಂಬೆಯ ಸಂಗ್ರಹದೊಡನೆ ಅದನ್ನು ಆಡಿಸಿ ತೋರಿಸುವ ಪರದೆ ಅಲ್ಲಿರಬೇಕು, ಗಣಿ ಕಾರ್ಮಿಕರ ಮತ್ತು ರೈತರ ಮಕ್ಕಳು ಬಿಡಿಸಿದ ಚಿತ್ರಗಳು ಪ್ರಸಿದ್ಧರ ಕೃತಿಗಳಿರುವ ಗೋಡೆಯ ಮೇಲೆಯೇ ಸ್ಥಾನ ಪಡೆಯಬೇಕು. ಇದಕ್ಕಿಂತ ಮುಖ್ಯವಾಗಿ, ಅಲ್ಲಿಗೆ ಕಲಿಸಲು ಬರುವ ಚಿತ್ರಗಾರರನ್ನೂ ಗೊಂಬೆಯಾಟದವರನ್ನೂ ಉದ್ಘಾಟನೆಯ ದಿನದ ಅಲಂಕಾರವಾಗಿ ಕರೆಯದೆ, ಶಾಲೆಯ ಉಪಾಧ್ಯಾಯರಿಗೆ ಸಲ್ಲುವ ಗೌರವ ಮತ್ತು ನಿಯತವಾದ ಸಂಭಾವನೆಯೊಡನೆ ಗುರುಗಳಾಗಿ ನೇಮಿಸಿಕೊಳ್ಳಬೇಕು. ಕೈಗೆಲಸವು ಹೊಟ್ಟೆಯನ್ನು ಹೊರೆಯುವವರೆಗೆ ಮಾತ್ರ ಮುಂದಿನ ತಲೆಮಾರು ಅದರಲ್ಲಿ ಉಳಿಯುತ್ತದೆ, ಮಾಡುವ ಕೈಗಳು ಉಳಿದಾಗ ಮಾತ್ರ ಯಾವ ಊರಿನ ಚಿತ್ರಶಾಲೆಗಾದರೂ ತನ್ನದೇ ಜನರ ಕೆಲಸವನ್ನು ತನ್ನ ಜನರ ಮುಂದಿಡುವ ಶಕ್ತಿ ಬರುತ್ತದೆ.