ಹುಬ್ಬಳ್ಳಿಯಿಂದ ಮುಂಬಯಿಗೆ: ಅಂದಿನ ರೈಲು ಪ್ರಯಾಣ

ಇಂದು ಹುಬ್ಬಳ್ಳಿಯಲ್ಲಿ ರೈಲು ಹತ್ತಿದರೆ ನೇರವಾಗಿ ಮುಂಬಯಿಯಲ್ಲಿ ಇಳಿಯಬಹುದು. ನಿಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ಹಾಗಿರಲಿಲ್ಲ.

1876–78ರ ಭೀಕರ ಬರಗಾಲದಲ್ಲಿ ನಮ್ಮ ಭಾಗಕ್ಕೆ ಧಾನ್ಯ ತಲುಪಿಸುವುದೇ ಕಷ್ಟವಾಯಿತು. ಆ ಪಾಠದಿಂದ ಇಲ್ಲಿ ರೈಲು ಮಾರ್ಗಗಳಿಗೆ ಒತ್ತು ಸಿಕ್ಕಿತು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಖರ್ಚು ಕಡಿಮೆಯ ಮೀಟರ್‌ಗೇಜ್ ಹಳಿ ಹಾಕಿತು. ಎರಡು ಕಂಬಿಗಳ ನಡುವೆ ಒಂದೇ ಮೀಟರ್ ಅಂತರ. ಮುಂಬಯಿ–ಪುಣೆ ಮಾರ್ಗವಾದರೋ ಬ್ರಾಡ್‌ಗೇಜ್. ಅಲ್ಲಿ ಅಂತರ 1.676 ಮೀಟರ್. ಆದ್ದರಿಂದ ಪುಣೆಯಲ್ಲಿ ಟ್ರಂಕು, ಹಾಸಿಗೆ ಸುರುಳಿ, ಬುತ್ತಿಗಂಟುಗಳೊಂದಿಗೆ ಎಲ್ಲರೂ ಗಾಡಿ ಬದಲಿಸಲೇಬೇಕಿತ್ತು. ಸರಕನ್ನೂ ಹಮಾಲರು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹೊರಬೇಕಿತ್ತು. 1971ರ ಹೊತ್ತಿಗೆ ಮೀರಜ್‌ವರೆಗೆ ಬ್ರಾಡ್‌ಗೇಜ್ ಬಂದ ಮೇಲೆ ಈ ಇಳಿದು ಹತ್ತುವ ಪಾಡು ಮೀರಜ್‌ಗೆ ಬಂತು. 1990ರ ದಶಕದ ಗೇಜ್ ಪರಿವರ್ತನೆ ಅದನ್ನು ಕೊನೆಗೊಳಿಸಿತು.

ಈ ನಡುವೆ ನಮ್ಮ ಊರೂ ಬೆಳೆಯಿತು. 1885ರಲ್ಲಿ ಆರಂಭವಾದ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ ತಲೆಮಾರುಗಳ ಫಿಟ್ಟರ್, ಕಮ್ಮಾರ, ಬಡಗಿಗಳಿಗೆ ಅನ್ನವನ್ನೂ ಕಸುಬನ್ನೂ ಕೊಟ್ಟಿತು. 2003ರಲ್ಲಿ ಹುಬ್ಬಳ್ಳಿ ನೈಋತ್ಯ ರೈಲ್ವೆಯ ಕೇಂದ್ರಸ್ಥಾನವಾಯಿತು. 2023ರಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಗಿ ಊರಿನ ಹೆಸರು ಜಗತ್ತಿಗೆ ಕೇಳಿಸಿತು.

2020ರಲ್ಲಿ ತೆರೆದ ಹುಬ್ಬಳ್ಳಿಯ ರೈಲು ವಸ್ತುಸಂಗ್ರಹಾಲಯವನ್ನು ಅವಶ್ಯ ನೋಡಿರಿ. ಆದರೆ ಹಳೆಯ ಇಂಜಿನ್ ಮಾತನಾಡುವುದಿಲ್ಲ. ಉಗಿಬಂಡಿಯ ಕಾಲದಲ್ಲಿ ಪ್ರಯಾಣಿಸಿದ, ದುಡಿದ ಹಿರಿಯರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇನ್ನೂ ಇದ್ದಾರು. ಅವರ ಬಳಿ ಕುಳಿತು ಕೇಳಿರಿ, ಬರೆದಿಡಿರಿ. ಅವರೊಂದಿಗೆ ಹೋದ ನೆನಪು ಯಾವ ಗ್ರಂಥಾಲಯದಲ್ಲೂ ಮರಳಿ ಸಿಗದು.