ಸೀಮೆಎಣ್ಣೆ ಸಾಹುಕಾರನ ದಾನ

ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಊರಿಗೆ ಹೋಗಿದ್ದೆವು. ಶುದ್ಧ ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ಸಾಲು ನಿಂತಿತ್ತು. ಘಟಕದ ಮೇಲೆ ಅದನ್ನು ಕಟ್ಟಿಸಿಕೊಟ್ಟ ಕಂಪನಿಯ ಹೆಸರು, ಊರಿನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ. ಸಾಲಿನಲ್ಲಿದ್ದ ಅಜ್ಜಿಯೊಬ್ಬರು, "ಕೆರೆ ನೀರು ಕುಡೀತಿದ್ದೋರು ನಾವು. ಹಸು ಕೊಂದು ಕೆರ ದಾನ ಕೊಟ್ಟಂಗಾಯ್ತು" ಅಂದರು. ಪಕ್ಕದಲ್ಲಿದ್ದ ಹುಡುಗ, "ಅದೂ ಇಲ್ದಿದ್ರೆ ಏನು ಕುಡೀತಿದ್ದೆ ಅಜ್ಜಿ?" ಅಂದ. ಇಬ್ಬರ ಮಾತೂ ನಮಗೆ ಸರಿಯೆನಿಸಿತು. ಅದೇ ತೊಂದರೆ.

ಈ ಜಗಳ ಹಳೆಯದು. ನಮ್ಮ ಮುತ್ತಜ್ಜಿಯರ ಬುಡ್ಡಿ ದೀಪದಿಂದಲೇ ಶುರು ಮಾಡಬಹುದು. 19ನೇ ಶತಮಾನದ ಕೊನೆಗೆ ತಗಡಿನ ಡಬ್ಬದಲ್ಲಿ ಭಾರತಕ್ಕೆ ಬರುತ್ತಿದ್ದ ಅಮೆರಿಕದ ಸೀಮೆಎಣ್ಣೆಯ ದೊಡ್ಡ ವ್ಯಾಪಾರಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ. 1870ರಲ್ಲಿ ಅದನ್ನು ಕಟ್ಟಿದ್ದು ಜಾನ್ ಡಿ. ರಾಕ್‌ಫೆಲರ್. ರೈಲ್ವೆ ಕಂಪನಿಗಳ ಜೊತೆ ಗುಟ್ಟಾಗಿ ಮಾತಾಡಿಕೊಂಡು ಸಾಗಣೆ ದರದಲ್ಲಿ ರಿಯಾಯಿತಿ ಪಡೆಯುವುದು ಆತನ ದಾರಿ. 1872ರ ಒಂದು ಒಪ್ಪಂದದಲ್ಲಂತೂ, ಎದುರಾಳಿಗಳು ಕಟ್ಟುವ ಬಾಡಿಗೆಯಲ್ಲೂ ಒಂದು ಪಾಲು ತಮಗೇ ಬರಬೇಕೆಂದು ಬರೆಸಿಕೊಂಡಿದ್ದರು. ಪಕ್ಕದ ಅಂಗಡಿಯವನು ಲಗೇಜ್ ಆಟೋಗೆ ಕೊಟ್ಟ ಬಾಡಿಗೆಯಲ್ಲಿ ನಿಮಗೆ ಕಮಿಷನ್ ಬಂದ ಹಾಗೆ! ಜನ ಸಿಡಿದೆದ್ದರು, ಒಪ್ಪಂದ ಮುರಿದುಬಿತ್ತು. ಅಷ್ಟರಲ್ಲಿ ಕ್ಲೀವ್‌ಲ್ಯಾಂಡ್ ಊರಿನ 26 ಎಣ್ಣೆ ಶುದ್ಧೀಕರಣ ಕಾರ್ಖಾನೆಗಳಲ್ಲಿ 22 ರಾಕ್‌ಫೆಲರ್ ಕೈ ಸೇರಿದ್ದವು.

ಇದನ್ನೆಲ್ಲ ಬಯಲಿಗೆ ತಂದವರು ಐಡಾ ಟಾರ್ಬೆಲ್ ಎಂಬ ಪತ್ರಕರ್ತೆ. ಅವರ ತಂದೆಯೂ ಎಣ್ಣೆ ವ್ಯವಹಾರದಲ್ಲಿದ್ದು ಈ ಕಂಪನಿಯಿಂದ ಪೆಟ್ಟು ತಿಂದವರು. 1902ರಿಂದ ಅವರು ದಾಖಲೆ ಸಮೇತ ಬರೆದ ಸರಣಿ ದೇಶವನ್ನೇ ಅಲುಗಾಡಿಸಿತು. (ಪತ್ರಿಕೋದ್ಯಮ ಓದಿದ ನಮಗೆ ಅವರ ಮೇಲೆ ಸ್ವಲ್ಪ ಜಾಸ್ತಿ ಅಭಿಮಾನ, ಒಪ್ಪಿಕೊಳ್ಳುತ್ತೇವೆ.) 1911ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಂಪನಿಯನ್ನು ಒಡೆಯಿತು. ತಮಾಷೆ ಎಂದರೆ, ಒಡೆದ ತುಂಡುಗಳ ಷೇರು ಬೆಲೆ ಏರಿ ರಾಕ್‌ಫೆಲರ್ ಇನ್ನಷ್ಟು ಶ್ರೀಮಂತನಾದ.

1913ರಲ್ಲಿ ರಾಕ್‌ಫೆಲರ್ ಫೌಂಡೇಶನ್ ಶುರುವಾಯಿತು. ಮರುವರ್ಷ ಏಪ್ರಿಲ್ 20ರಂದು ಕೊಲೊರಾಡೊದ ಲಡ್ಲೊದಲ್ಲಿ, ಆ ಕುಟುಂಬದ ಹಿಡಿತದಲ್ಲಿದ್ದ ಗಣಿ ಕಂಪನಿಯ ವಿರುದ್ಧ ಮುಷ್ಕರ ಹೂಡಿ ಗುಡಾರಗಳಲ್ಲಿದ್ದ ಕಾರ್ಮಿಕರ ಮೇಲೆ ಗುಂಡು ಹಾರಿತು, ಗುಡಾರಗಳಿಗೆ ಬೆಂಕಿ ಬಿತ್ತು. ಒಂದು ಗುಡಾರದ ಕೆಳಗಿನ ಗುಂಡಿಯಲ್ಲಿ ಅವಿತಿದ್ದ 2 ಹೆಂಗಸರು, 11 ಮಕ್ಕಳು ಉಸಿರುಗಟ್ಟಿ ಸತ್ತರು.

ಅದೇ ಫೌಂಡೇಶನ್ನಿನ ಹಣ ನಮ್ಮ ಮೈಸೂರು ಸಂಸ್ಥಾನಕ್ಕೂ ಬಂತು. 1920ರ ದಶಕದ ಕೊನೆಯಲ್ಲಿ ಅದರ ನೆರವಿನಿಂದ ಮಂಡ್ಯದಲ್ಲಿ ಹಳ್ಳಿಗಳಿಗಾಗಿ ಆರೋಗ್ಯ ಘಟಕ ಶುರುವಾಯಿತು. ಮಲೇರಿಯಾ ತಡೆಯುವ ಕೆಲಸವೂ ನಡೆಯಿತು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆಯ ವೈರಸ್ ಪತ್ತೆ ಮಾಡಿದ ಪುಣೆಯ ಕೇಂದ್ರವನ್ನು ಕಟ್ಟುವುದರಲ್ಲೂ ಆ ಹಣವಿತ್ತು. ಹಾಗಾಗಿ ದಾನವೆಲ್ಲ ನಾಟಕ ಎಂದು ನಾವು ಹೇಳಲಾರೆವು. ಬದುಕಿದ ಜೀವಗಳು ನಿಜ.

ಆದರೆ ಮಂಡ್ಯದ ಬಾಣಂತಿ ಗುಣವಾದರೆ ಲಡ್ಲೊದ ತಾಯಿಯ ಲೆಕ್ಕ ಚುಕ್ತಾ ಆಗುವುದು ಹೇಗೆ? ಸಾಲ ಮಾಡಿದವನು ಸಾಲ ಕೊಟ್ಟವನಿಗೇ ತೀರಿಸಬೇಕು. ದಾನ ಮಾಡುವವನಿಗೆ ಆ ಕಟ್ಟುಪಾಡಿಲ್ಲ. ಯಾರಿಗೆ, ಎಷ್ಟು, ಯಾವಾಗ ಎಂಬುದೆಲ್ಲ ಅವನ ಇಷ್ಟ. ನಮಗೆ ಈ ಎರಡು ಬೇರೆಬೇರೆ ಪುಸ್ತಕದ ಲೆಕ್ಕಗಳಾಗಿಯೇ ಕಾಣುತ್ತವೆ.

ನಮ್ಮ ಸೀಮೆಯಲ್ಲೂ ಒಬ್ಬ ಸಾಹುಕಾರರಿದ್ದರು. ವೀಳ್ಯದೆಲೆ ವ್ಯಾಪಾರದಲ್ಲಿ ದುಡಿದ ಎಲೆ ಮಲ್ಲಪ್ಪ ಶೆಟ್ಟರು. ಹೊಸಕೋಟೆಗೆ ಹೋಗುವ ದಾರಿಯಲ್ಲಿ ಸಿಗುವ ದೊಡ್ಡ ಕೆರೆ ಅವರು ಸ್ವಂತ ದುಡ್ಡಿನಲ್ಲಿ ಕಟ್ಟಿಸಿದ್ದು, ಇಂದಿಗೂ ಅವರ ಹೆಸರಿನಲ್ಲೇ ಇದೆ. ಆ ಕೆರೆಗೂ ಈಗ ಕೊಳಚೆ ಹರಿಯುತ್ತಿದೆ.

ಇತ್ತ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ದೊಡ್ಡಬಳ್ಳಾಪುರ ನಗರದ ಚರಂಡಿ ನೀರು, ಕೈಗಾರಿಕೆಗಳ ತ್ಯಾಜ್ಯ ಸೇರುತ್ತಿದೆ ಎಂದು ಸುತ್ತಲ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ. ಇಲ್ಲಿ ಒಂದು ವಿಷಯ ತಿಳಿದಿರಲಿ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್ ಕೆಲಸಗಳಿಗೆ ಖರ್ಚು ಮಾಡಬೇಕು. ಅಂದರೆ ಗೋಡೆಯ ಮೇಲೆ "ಕೊಡುಗೆ" ಎಂದು ಬರೆದದ್ದು ಎಷ್ಟೋ ಸಲ ಕಾನೂನಿನ ಬಾಕಿ. ವಿಷದ ನೀರನ್ನು ಹೊರಗೆ ಬಿಡಬಾರದು ಎಂಬುದು ಬೇರೆಯೇ ಕಾನೂನು, 1974ರ ಜಲಮಾಲಿನ್ಯ ತಡೆ ಕಾಯ್ದೆ. ಮೊದಲನೆಯದನ್ನು ಪಾಲಿಸಿದೆ ಎಂದು ಎರಡನೆಯದರಿಂದ ಯಾರಿಗೂ ವಿನಾಯಿತಿ ಇಲ್ಲ.

ಯಾವ ಕಂಪನಿ ಎಲ್ಲಿ ಎಷ್ಟು ಖರ್ಚು ಮಾಡಿತು ಎಂಬುದು ಅದರ ವಾರ್ಷಿಕ ವರದಿಯಲ್ಲಿ ಇರುತ್ತದೆ, ಮೊಬೈಲಿನಲ್ಲೇ ನೋಡಬಹುದು. ಆ ಹುಡುಗನಿಗೆ ಹೇಗೆ ಹುಡುಕುವುದೆಂದು ತೋರಿಸಿದೆವು. ಅಜ್ಜಿ ಕ್ಯಾನು ತುಂಬಿಸಿಕೊಂಡು, "ಅದ್ರಲ್ಲಿ ಕೆರೆ ಕ್ಲೀನ್ ಮಾಡ್ಸಾಕೆ ಎಷ್ಟು ಅಂತ ಬರ್ದವ್ರೆ, ನೋಡ್ ಮಗಾ" ಅಂದರು. ಹುಡುಗ ಇನ್ನೂ ಸ್ಕ್ರೀನ್ ಉಜ್ಜುತ್ತಲೇ ಇದ್ದ.